ಕೊನೆಯ ಖಾಲಿ ಪುಟ

ಹೇಳಬೇಕೆ, ಬೇಡವೆ? ದಾವಣಗೆರೆಯಲ್ಲಿ ಹರಿಹರದ ಬಸ್ಸು ಹತ್ತಿದಾಗಿನಿಂದ ಅಶ್ವಥ್ ಮನಸ್ಸಿನಲ್ಲಿ ಇದನ್ನೇ ಮಗುಚಿ ಹಾಕುತ್ತಿದ್ದ. ಪಕ್ಕದಲ್ಲಿ ಅವನ ಯಜಮಾನರು ರುದ್ರಮುನಿ ಬಾಯಿ ತೆರೆದು ನಿದ್ದೆ ಹೋಗಿದ್ದರು. ಹೊರಡುವ ಮೊದಲೇ ತಪ್ಪೆಲ್ಲ ತನ್ನದೆಂದು ಒಪ್ಪಿಕೊಂಡವರಿಗೆ ಇಷ್ಟು ಸೊಗಸಾದ ನಿದ್ದೆ ಬರುವುದು ಅನ್ಯಾಯ.

ದಾವಣಗೆರೆಯ ಅವರ ಮೂರು ಕುರ್ಚಿಯ ಕಂಪನಿ ಲಾರಿ ತೂಗುವ ಕಟ್ಟೆಗಳಿಗೆ ಡೇಟಾಬೇಸ್ ಮಾಡಿಕೊಡುತ್ತಿತ್ತು. ಪ್ರತಿ ತೂಕವನ್ನೂ ಅದು ಮೊದಲು ಲಾಗ್‌ನಲ್ಲಿ ಬರೆದಿಡುತ್ತದೆ. ಕರೆಂಟ್ ಹೋಗಿ ಬಂದರೆ ಅದನ್ನೇ ಓದಿ ನೆನಪು ತಂದುಕೊಳ್ಳುತ್ತದೆ. ಲಾಗನ್ನು ಪುಸ್ತಕ, ಪುಟಗಳಂತೆ ಪಾಲು ಮಾಡಿ, ಅದರ ಪ್ರತಿ ಜಾಗಕ್ಕೂ ರುದ್ರಮುನಿ ಎರಡು ಸಂಖ್ಯೆ ಇಟ್ಟಿದ್ದರು: ಪುಸ್ತಕದ್ದೊಂದು, ಪುಟದ್ದೊಂದು. ಪ್ರತಿ ಪುಸ್ತಕದ ಕೊನೆಯ ಪುಟ ಖಾಲಿ. ಕೇಳಿದರೆ, "ಅಂಚಿನ ತನಕ ಬರೀಬಾರ್ದಪ್ಪ, ಲೆಕ್ಕ ತಪ್ತೈತೆ" ಎನ್ನುತ್ತಿದ್ದರು.

ಅಶ್ವಥ್ ಎರಡನ್ನೂ ಕಿತ್ತು, ಮೊದಲಿನಿಂದ ಕೊನೆಯವರೆಗೆ ಓಡುವ ಒಂದೇ ಸಂಖ್ಯೆ ಮಾಡಿದ. ಇನ್ನೂರು ಸಾಲು ಕೋಡ್ ಮಾಯವಾಯಿತು. ಅದರಲ್ಲೊಂದು ಸಾಲು, ಖಾಲಿ ಪುಟ ಬಂದರೆ ದಾಟಿ ಮುಂದೆ ಓದು ಎಂದು ಯಂತ್ರಕ್ಕೆ ಹೇಳುತ್ತಿತ್ತು. ಇನ್ನೆಲ್ಲಿಯ ಖಾಲಿ ಪುಟ ಎಂದು ನಕ್ಕು ಅಳಿಸಿದ. ಹಳೆಯ ಲಾಗ್‌ನಲ್ಲಿ ಅವು ಹಾಗೇ ಇದ್ದದ್ದು ನೆನಪಾಗಲಿಲ್ಲ.

ಈ ಮಧ್ಯಾಹ್ನ ಆಫೀಸಿನಿಂದಲೇ ಹೊಸದನ್ನು ಹರಿಹರದ ಕಟ್ಟೆಗೆ ಹಾಕಿದ. ಗಂಟೆಯೊಳಗೆ ಕರೆಂಟ್ ಹೋಯಿತು. ಮತ್ತೆ ಎದ್ದ ಯಂತ್ರ ಬೆಳಗಿನ ಲಾಗ್ ಓದುತ್ತ ಖಾಲಿ ಪುಟಕ್ಕೆ ಬಂದು, ಇಲ್ಲಿಗೆ ಮುಗಿಯಿತು ಎಂದು ಕೂತುಬಿಟ್ಟಿತು. ಅದರಾಚೆ ಬರೆದಿದ್ದ ಭಾನುವಳ್ಳಿಯ ಮೂವತ್ತೊಂದು ಟ್ರ್ಯಾಕ್ಟರ್ ಭತ್ತ ಅದರ ಪಾಲಿಗೆ ಇಲ್ಲವೇ ಇಲ್ಲ.

"ಬರ್ರಿ ಸರ್, ಕೂಡ್ರಿ," ಎಂದಳು ಕಟ್ಟೆ ನಡೆಸುವ ನೇತ್ರಾವತಿ, ಬಸ್ಸಿಳಿದು ಬಂದವರಿಗೆ. "ನಿಮ್ಮ ಕಂಪ್ಯೂಟರಿಗೆ ಬಾದಾಮಿ ತಿನ್ಸಿ. ಭತ್ತ ಇಳಿಸಾಗೈತೆ, ಈಗೇನು ರೈತರನ್ನ ಹತ್ತಿಸಿ ತೂಗ್ಲಾ?"

"ತಪ್ಪು ನಂದೈತಮ್ಮ," ಎಂದರು ರುದ್ರಮುನಿ. "ಖಾಲಿ ಪುಟ ಬಿಟ್ಟೋನು ನಾನು. ದಾಟ್ಸೋ ಸಾಲು ಬರ್ದಿದ್ದೆ ಅಂದ್ಕಂಡಿದ್ದೆ. ಬರ್ದೇ ಇಲ್ಲ ನೋಡು. ವಯಸ್ಸಾತು."

ಅಶ್ವಥ್ ತಲೆ ಎತ್ತದೆ ಆ ಸಾಲನ್ನು ಮತ್ತೆ ಬರೆದ. ಹತ್ತು ನಿಮಿಷದಲ್ಲಿ ಮೂವತ್ತೊಂದು ಟ್ರ್ಯಾಕ್ಟರೂ ಪರದೆಯ ಮೇಲೆ ಬಂದು ನಿಂತವು.

"ಜಾಣ ಐದಾನೆ ಸರ್ ನಿಮ್ಮೋನು," ಎಂದಳು ನೇತ್ರಾವತಿ, ಪರದೆಯಲ್ಲಿ ಎರಡರ ಬದಲು ಒಂದೇ ಸಂಖ್ಯೆ ಇದ್ದದ್ದನ್ನು ನೋಡಿ. "ಒಂದೇ ನಂಬರಿಗೆ ಮುಗಿಯೋದಕ್ಕೆ ನೀವು ಯಾಕ ಎರಡೆರಡು ಹೊತ್ಕಂಡು ತಿರುಗಿದ್ರಿ?"

ರುದ್ರಮುನಿ ನಕ್ಕರು. ಆಮೇಲೆ ಚಹಾ ಆರುವವರೆಗೂ ಲೋಟವನ್ನು ಹಿಡಿದೇ ಕೂತಿದ್ದರು. ಹಿಂದಿರುಗುವಾಗ ಬಸ್ಸಿನಲ್ಲಿ ಅವರು ನಿದ್ದೆ ಮಾಡಲಿಲ್ಲ.

ಆ ಸಾಲನ್ನು ಅವರು ಬರೆದೇ ಇದ್ದರು, ಅಳಿಸಿದ್ದು ತಾನು ಎಂದು ಅಶ್ವಥ್ ಹೇಳಲಿಲ್ಲ.