ನಲವತ್ತಮೂರನೆಯ ಹೆಸರು

ಆಫೀಸಿನಲ್ಲಿ ನನಗೆ ಸಿಡುಕಪ್ಪ ಅಂತಲೇ ಹೆಸರು. ಬ್ಯಾಕಪ್‌ನಿಂದ ಮಾಹಿತಿ ವಾಪಸ್ ತರುವಾಗ ಹಳೆಯ ಡಿಸ್ಕಿನ ಮೇಲೇ ಸುರಿಯಬೇಡಿ, ಅದರಲ್ಲಿ ಉಳಿದಿರುವ ಅಷ್ಟಿಷ್ಟೂ ಅಳಿಸಿಹೋಗುತ್ತದೆ, ಖಾಲಿ ಡಿಸ್ಕ್ ಹುಡುಕಿ ಎಂದು ಇಪ್ಪತ್ತೆರಡು ವರ್ಷ ಎಲ್ಲರ ತಲೆ ತಿಂದವನು ನಾನು. ಯಾರಾದರೂ ತಪ್ಪಿದರೆ ಹಿಗ್ಗಾಮುಗ್ಗಾ ಬೈಯುತ್ತಿದ್ದೆ.

ನದಿ ಊರೊಳಗೆ ನುಗ್ಗಿದ ಮಾರನೆಯ ದಿನ ಹನ್ನೊಂದು ಗಂಟೆಗೆ, ಪರಿಹಾರ ಶಿಬಿರಗಳಿಗೆ ಬಂದವರ ಪಟ್ಟಿ ಕೆಟ್ಟು ತೆರೆಯದಾಯಿತು. ಹದಿನಾಲ್ಕು ಶಿಬಿರಗಳಿಂದ ಫೋನಿನಲ್ಲಿ ಬಂದ ಹೆಸರುಗಳೆಲ್ಲ ಸೇರುತ್ತಿದ್ದದ್ದು ನಮ್ಮ ಆಫೀಸಿನ ದೊಡ್ಡ ಕಂಪ್ಯೂಟರಿಗೇ, ಆ ಮೇನ್‌ಫ್ರೇಮಿಗೇ. ಹಿಂದಿನ ರಾತ್ರಿಯವರೆಗಿನದು ಬ್ಯಾಕಪ್‌ನಲ್ಲಿ ಭದ್ರವಾಗಿತ್ತು. ಬೆಳಗ್ಗೆ ಸೇರಿಸಿದ ಹೆಸರುಗಳು ಮಾತ್ರ ಆ ಡಿಸ್ಕಿನಲ್ಲೇ ಸಿಕ್ಕಿಕೊಂಡಿದ್ದವು. ನಿಧಾನವಾಗಿ ಕೆದಕಿದ್ದರೆ ಸಿಗುತ್ತಿದ್ದವು.

"ಖಾಲಿ ಡಿಸ್ಕ್ ತಯಾರು ಮಾಡೋಕೆ ಎಷ್ಟೊತ್ತು?" ಸಾಹೇಬರು ಕೇಳಿದರು.

"ಎರಡು ಗಂಟೆ ಸಾರ್."

"ಆಗ್ಲಿ, ಕಾಯೋಣ. ಹೊರಗೆ ಕಾಯ್ತಿರೋ ಜನಕ್ಕೆ ನಾನು ಹೇಳ್ತೀನಿ."

ಅವರು ಹೊರಗೆ ಹೋದರು. ಗಾಜಿನಾಚೆ ಅತ್ತಿಗೆ ನಿಂತಿದ್ದರು. ಸೊಂಟದವರೆಗೆ ಕೆಸರು, ಕಾಲಲ್ಲಿ ಒಂದೇ ಚಪ್ಪಲಿ. ಪಕ್ಕದ ಮನೆಯ ಮುದುಕಿಯನ್ನು ಎತ್ತಿಕೊಂಡು ಬರ್ತೀನಿ ಎಂದು ಹಿಂದಿನ ಸಂಜೆ ನೀರಿಗಿಳಿದ ಅಣ್ಣ ಮರಳಿರಲಿಲ್ಲ. "ಅವ್ರ ಹೆಸರು ಇದೆಯೇನಪ್ಪಾ?" ಎಂದು ಗಾಜಿಗೆ ಬಾಯಿಟ್ಟು ಕೇಳುತ್ತಿದ್ದರು.

ನಾನು ಬ್ಯಾಕಪ್ ವಾಪಸ್ ತರಲು ಕೂತೆ. ಯಾವ ಡಿಸ್ಕಿಗೆ ಎಂದು ಪರದೆ ಕೇಳಿತು. ಹಳೆಯದಕ್ಕಾದರೆ ಹತ್ತೇ ನಿಮಿಷ. ಅಣ್ಣ ರಾತ್ರಿಯೇ ಯಾವುದೋ ಶಿಬಿರ ಸೇರಿರುತ್ತಾನೆ, ಹತ್ತು ನಿಮಿಷದಲ್ಲಿ ಅತ್ತಿಗೆಗೆ ಹೆಸರು ತೋರಿಸಿಬಿಡೋಣ ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಹಳೆಯ ಡಿಸ್ಕಿನ ಸಂಖ್ಯೆಯನ್ನೇ ಒತ್ತಿದೆ.

ಪಟ್ಟಿ ತೆರೆದುಕೊಂಡಿತು. ಅಣ್ಣನ ಹೆಸರು ಇರಲಿಲ್ಲ. ಬೆಳಗಿನ ಹೆಸರುಗಳೆಲ್ಲ ಅಳಿಸಿಹೋಗಿದ್ದವು. ಎಷ್ಟು ಹೆಸರು ಸೇರಿದ್ದವು ಎಂಬುದಷ್ಟೇ ಬೇರೆ ಕಡೆ ದಾಖಲಾಗಿತ್ತು: ನಲವತ್ತಮೂರು. ಸಾಹೇಬರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಬೆಳಗ್ಗೆ ಹೆಸರು ಕೊಟ್ಟವರು ಇನ್ನೊಮ್ಮೆ ಕೊಡಿ ಎಂದು ಶಿಬಿರಗಳಲ್ಲಿ ಮೈಕಿನಲ್ಲಿ ಕೂಗಿಸಿದೆವು. ಸಂಜೆಯೊಳಗೆ ನಲವತ್ತೆರಡು ಜನ ಬಂದರು. ಒಬ್ಬರು ಬರಲಿಲ್ಲ; ಅದನ್ನು ಅತ್ತಿಗೆಗೆ ಹೇಳಿದ್ದೂ ನಾನೇ. ಯಾರೋ ಎರಡು ಸಲ ಬರೆಸಿರಬಹುದು, ಯಾರೋ ನೆಂಟರ ಮನೆಗೆ ಹೊರಟಿರಬಹುದು.

ಎಂಟು ತಿಂಗಳಾಯಿತು. ಮುದುಕಿಯ ಹೆಣ ಸಿಕ್ಕಿತು, ಅಣ್ಣನದು ಸಿಗಲಿಲ್ಲ. ಮರಣ ಪ್ರಮಾಣಪತ್ರದ ಅರ್ಜಿಗೆ ಸಹಿ ಹಾಕಿ ಎಂದು ಕಚೇರಿಯವರು ಬಂದರೆ ಅತ್ತಿಗೆ ಕಾಗದವನ್ನೇ ಹಿಂದಕ್ಕೆ ತಳ್ಳುತ್ತಾರೆ. "ಆ ನಲವತ್ತಮೂರನೆಯವರು ಅವ್ರೇ. ಹೆಸರು ಬರೆಸಿ ನನ್ನ ಹುಡುಕ್ಕೊಂಡು ಹೋಗಿದಾರೆ," ಅನ್ನುತ್ತಾರೆ.

ಮಿಷಿನ್ನೇ ಕೆಟ್ಟು ಹೆಸರು ಹೋಯಿತೆಂದು ಅವರು ನಂಬಿದ್ದಾರೆ. ನಿಜ ನಾನಿನ್ನೂ ಹೇಳಿಲ್ಲ. ಆ ಹೆಸರು ಉಳಿದು, ಅಣ್ಣನದೇ ಆಗಿದ್ದರೆ ಹುಡುಕುತ್ತಿದ್ದೆವು. ಅಲ್ಲದಿದ್ದರೆ ಅತ್ತಿಗೆ ಎದೆ ಬಿರಿಯುವಂತೆ ಒಮ್ಮೆ ಅತ್ತು ಹಗುರಾಗುತ್ತಿದ್ದರು. ಎರಡನ್ನೂ ನಾನೇ ಕಿತ್ತುಕೊಂಡೆ.

ನಿನ್ನೆ ಅವರ ಮನೆಯಿಂದ ನಾನು ಹೊರಡುವಾಗ ಅತ್ತಿಗೆ ಬಾಗಿಲವರೆಗೂ ಬಂದು ಕೈ ಹಿಡಿದುಕೊಂಡರು.

"ನೀನು ಅಲ್ಲಿದ್ದಿದ್ದಕ್ಕೆ ಇಷ್ಟಾದ್ರೂ ಗೊತ್ತಾಯ್ತು ಕಣಪ್ಪಾ. ಇಲ್ದಿದ್ರೆ ನಾನು ಯಾವತ್ತೋ ಆಸೆ ಬಿಟ್ಟುಬಿಡ್ತಿದ್ದೆ."