ಕರೆವ್ವ ಕೇಳಿದ ಕೊಸರು

ಹತ್ತು ರೊಟ್ಟಿ ಕೊಂಡವರಿಗೆ ಹನ್ನೊಂದನೆಯದನ್ನು ಕೊಸರು ಹಾಕದೆ ಕರೆವ್ವ ಯಾರನ್ನೂ ಕಳಿಸಿದವಳಲ್ಲ. ಗೋಕಾಕದ ಬಸ್ ಸ್ಟ್ಯಾಂಡಿನ ಹಿಂದೆ ಇಪ್ಪತ್ತು ವರ್ಷದಿಂದ ಜೋಳದ ರೊಟ್ಟಿ ಬಡಿದು ಮಾರುವ ಹೆಂಗಸು. ಮೂಡಲಗಿಯ ಮದುವೆ ಮನೆಗೆ ಐನೂರು ಹೋದರೆ ಐವತ್ತು ಮೇಲೆ ಹೋಗಲೇಬೇಕು. ಲೆಕ್ಕ ಬರುವುದಿಲ್ಲ ಅಂತಲ್ಲ, ಕೊಸರು ಹಾಕದ ವ್ಯಾಪಾರ ಅವಳಿಗೆ ವ್ಯಾಪಾರ ಅನ್ನಿಸುವುದೇ ಇಲ್ಲ.

ಇಂಥವಳ ಮಗಳು ಆಮ್ರಪಾಲಿ ನಾಲ್ಕು ಸಾವಿರ ಕೊಟ್ಟು ಒಂದು ವಿಡಿಯೋ ಗೇಮ್ ತಂದುಬಿಟ್ಟಳು! ಹುಕ್ಕೇರಿಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವ ಹುಡುಗಿ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಗೆಳತಿ ಕೊಟ್ಟ ಹಳೆಯ ಆಟದ ಪೆಟ್ಟಿಗೆಯನ್ನು ಟಿವಿಗೆ ಜೋಡಿಸಿ, ಹೊಸ ಗೇಮನ್ನು ಅದರೊಳಗೆ ಹಾಕಿ ಕೂತಳು.

“ನಾಕ್ ಸಾವಿರ ಅಂದ್ರ ನಾಕನೂರು ರೊಟ್ಟಿ ಆತಲ್ಲ! ತಿನ್ನಾಕ ಬರ್ತೈತೇನು ಇದು? ಉಡಾಕ ಬರ್ತೈತೇನು?” ಎಂದು ಕರೆವ್ವ ಹಾರಾಡಿದಳು.

“ನನ್ನ ಪಗಾರದಾಗ ತಂದೇನಿ. ನಿನ್ನ ರೊಟ್ಟಿ ಮುಟ್ಟಿಲ್ಲ,” ಎಂದಳು ಮಗಳು.

ಅಂದಿನಿಂದ ಮನೆಯಲ್ಲಿ ಮಾತು ಬಂದ್. ಗಂಡ ತೀರಿಕೊಂಡ ಮೇಲೆ ಕರೆವ್ವನಿಗೆ ಉಳಿದ ಸುಖವೆಂದರೆ ಊಟದ ಹೊತ್ತಿಗೆ ಮಗಳು ಹೇಳುವ ಬಸ್ಸಿನ ಸುದ್ದಿ. ಎಂಟು ದಿನದಿಂದ ಅದೂ ಇಲ್ಲ. ತಾನೇ ಮೊದಲು ಮಾತಾಡಬಹುದಿತ್ತಲ್ಲ ಅನ್ನಬೇಡಿ. ಹಾಗೆ ಸೋಲುವವಳಾದರೆ ಅವಳು ಕರೆವ್ವ ಹೇಗಾದಾಳು?

ಆದರೆ ಕಳ್ಳಗಣ್ಣಲ್ಲಿ ಟಿವಿ ನೋಡುವುದನ್ನು ಬಿಟ್ಟಿರಲಿಲ್ಲ. ಆಟದಲ್ಲಿ ದಿನಾ ಅದೇ ಬಾಗಿಲು. ಟೋಪಿ ಹಾಕಿದ ಗೊಂಬೆಯೊಂದು ಓಡಿಬಂದು ನೂಕುತ್ತಿತ್ತು, ಬಾಗಿಲು ಅಲುಗುತ್ತಿರಲಿಲ್ಲ, ಮಗಳು ಉಸ್ಸೆಂದು ಟಿವಿ ಆರಿಸುತ್ತಿದ್ದಳು. ಕರೆವ್ವನ ಪಿತ್ತ ನೆತ್ತಿಗೇರಿತು. ಮಗಳ ಮೇಲಲ್ಲ, ಮಾರಿದವನ ಮೇಲೆ. ಅಷ್ಟು ದುಡ್ಡು ತಗೊಂಡು ತೆರೆಯದ ಬಾಗಿಲು ಕೊಡುವುದೆ? ನನ್ನ ಕೂಸಿಗೆ ಮೋಸವೆ?

ಮರುದಿನ ರೊಟ್ಟಿಯ ಬುಟ್ಟಿ ಇಳಿಸಿದವಳೇ ನೆಟ್ಟಗೆ ಬಾಳೇಶನ ಅಂಗಡಿಗೆ ನಡೆದಳು. ಮಗಳು ಗೇಮ್ ತಂದದ್ದು ಅಲ್ಲಿಂದಲೇ. ಮೊಬೈಲು, ಗೇಮು ಮಾರುವ ಬಾಳೇಶ ಅವಳ ರೊಟ್ಟಿಗೆ ಕಾಯಂ ಗಿರಾಕಿ.

“ಏನೋ ಬಾಳೇಶಾ, ಎಂಥಾ ಮಾಲು ಕೊಟ್ಟಿ ನನ್ನ ಮಗಳಿಗೆ? ಬಾಗಲಾನ ತೆರ್ಯಾಂಗಿಲ್ಲ ಅದು!”

ಬಾಳೇಶ ನಕ್ಕ. “ಮಾಲು ಚಲೋನ ಐತಿ ಯವ್ವಾ. ಅದು ಇಬ್ರು ಕೂಡಿ ಆಡೋ ಆಟ. ಇಬ್ರೂ ನೂಕಿದ್ರನ ಬಾಗಲಾ ತೆರೀತೈತಿ. ಇನ್ನೊಂದು ರಿಮೋಟ್ ಬೇಕು, ಅದಕ್ಕ ಮತ್ತ ಎರಡು ಸಾವಿರ ಆಗ್ತೈತಿ.”

“ಹಾಂ? ನಾಕ್ ಸಾವಿರ ತಗೊಂಡು ಕೊಸರು ಹಾಕೂದ ಬಿಟ್ಟು ಇನ್ನೂ ಕೇಳ್ತಿಯೇನು? ನನ್ನ ಕಡೆ ಹನ್ನೊಂದನೇ ರೊಟ್ಟಿ ಒಯ್ಯುವಾಗ ಒಂದು ದಿನರ ಬ್ಯಾಡ ಅಂದಿಯೇನು?”

ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಬಾಳೇಶ ಒಂದು ಮೊಬೈಲ್ ಕವರ್ ಮುಂದೆ ಹಿಡಿದ, ಅವಳು ಅದರತ್ತ ಕಣ್ಣೂ ಹಾಯಿಸಲಿಲ್ಲ. ಕೊನೆಗೆ ಮೂಲೆಯ ಡಬ್ಬಿಯಲ್ಲಿ ಹುಡುಕಾಡಿ, ಬಣ್ಣ ಹೋದ ಹಳೆಯ ರಿಮೋಟೊಂದನ್ನು ಅಂಗಿಯಿಂದ ಒರೆಸಿ ಕೊಟ್ಟ. “ಒಯ್ಯಿ ಯವ್ವಾ, ಕೊಸರು.”

ಗೆದ್ದು ಬಂದಳು, ಖರೆ. ಆದರೆ ದಾರಿಯುದ್ದಕ್ಕೂ ಒಂದೇ ಸಂಕಟ. ಇಬ್ಬರ ಆಟವಂತೆ. ತನಗೆ ಗೊತ್ತಿಲ್ಲದ ಆ ಇನ್ನೊಬ್ಬರು ಯಾರು?

ಸಂಜೆ ಮಗಳು ಬಂದಾಗ ರಿಮೋಟನ್ನು ಅವಳ ಮುಂದಿಟ್ಟಳು. ಬಾಯಿ ತೆರೆಯಲೇಬೇಕಾಯಿತು. “ಯಾರ ಜೋಡಿ ಆಡಾಕ ತಂದಿದ್ದಿ ಪಾಲಿ?”

ಆಮ್ರಪಾಲಿಯ ಕಣ್ಣು ತುಂಬಿ ಬಂತು. “ಮತ್ಯಾರ ಜೋಡಿ? ನಿನ್ನ ಜೋಡಿ. ದಿನಾ ಬಡದು ಬಡದು ಸಾಕಾಗಿ ಕುಂತಿರತಿ, ನಿನ್ನ ನಗಸಬೇಕಂತ ತಂದ್ನಿ. ಬರೋ ತಿಂಗಳ ಇನ್ನೊಂದು ರಿಮೋಟ್ ತರಾಕಿ ಇದ್ನಿ. ಹೇಳಾಕ ಬಿಟ್ಟಿಯೇನು ನೀ?”

ಅಯ್ಯೋ, ಎಂಟು ದಿನ ಹಾಳು ಮಾಡಿದೆನಲ್ಲ ಎಂದುಕೊಂಡಳು ಕರೆವ್ವ. ಸೆರಗಿನಿಂದ ಮಗಳ ಕಣ್ಣೊರೆಸಿ, ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು. ಬಿಸಿ ಹಂಚಿಗೆ ಗಟ್ಟಿಯಾದ ಹೆಬ್ಬೆರಳನ್ನು ಮಗಳು ಹಿಡಿದು ಗುಂಡಿಯ ಮೇಲಿಟ್ಟಳು. ಎರಡು ಗೊಂಬೆ ಕೂಡಿ ನೂಕಿದವು. ಬಾಗಿಲು ತೆರೆಯಿತು.

ತೆರೆದದ್ದೇ ತಡ, ಕರೆವ್ವನ ಗೊಂಬೆ ಹೋಗಿ ಕೆರೆಗೆ ಬಿತ್ತು. ಆಮ್ರಪಾಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುನಗುತ್ತಲೇ, “ಇವತ್ತ ಬಸ್ಸಿನ್ಯಾಗ ಏನಾತು ಗೊತ್ತೇನವಾ?” ಎಂದು ಶುರು ಮಾಡಿದಳು.

“ಹೇಳು, ಹೇಳು,” ಎಂದಳು ಕರೆವ್ವ, ರಿಮೋಟ್ ಕೆಳಗಿಡದೆ. “ಏನರ ಅನ್ನು, ನಾಕ್ ಸಾವಿರ ಭಾಳ ಆತು. ಆದ್ರ ಬಾಳೇಶಗ ನಾಳೆ ಎರಡು ರೊಟ್ಟಿ ಮ್ಯಾಲ ಹಾಕ್ತೇನಿ.”