ದಿಂಬುವಿನ ಕೂಗು ಪರೀಕ್ಷೆ

ನಾಯಿಗೆ ಲೈಫ್ ಜಾಕೆಟ್ ತೊಡಿಸುವುದಕ್ಕೇ ಕಾಲು ಗಂಟೆ ಹಿಡಿಯಿತು. ಹೊಟ್ಟೆಯ ಪಟ್ಟಿ ಬಿಗಿದರೆ ಕುತ್ತಿಗೆಯದು ಸಡಿಲ. ಕುತ್ತಿಗೆಯದನ್ನು ಬಿಗಿಯಲು ಹೋದರೆ ದಿಂಬು ಹಿಂದಕ್ಕೆ ಹಿಂದಕ್ಕೆ ನಡೆದು ಇಡೀ ಜಾಕೆಟ್ಟನ್ನು ಅಂಗಿ ಕಳಚಿದಂತೆ ತಲೆಯ ಮೇಲಿಂದ ಕಳಚಿಬಿಡುತ್ತಿತ್ತು. ಕೊನೆಗೆ ದೋಣಿಗಳ ಮೇಲ್ವಿಚಾರಕಿಯೇ ಬಂದು, ಅದರ ಬೆನ್ನಿನ ಆಚೆಗೊಂದು ಈಚೆಗೊಂದು ಕಾಲು ಹಾಕಿ ನಿಂತು, ಎರಡು ಪಟ್ಟಿಯನ್ನೂ ಒಟ್ಟಿಗೆ ಎಳೆದಳು.

"ಏನಂತ ಕರೀತೀರ ಇದನ್ನ?"

"ದಿಂಬು," ಎಂದಳು ಸೊಸೆ.

"ಹಾಸಿಗೆ ಅಂತ ಇಡಬೇಕಿತ್ತು. ಸರಿ, ಈಗ ಕೂಗು ಪರೀಕ್ಷೆ."

ಸೊಸೆ ಗಂಡನ ಮುಖ ನೋಡಿದಳು. ಗಂಡ ದೋಣಿಗಳ ಕಡೆ ನೋಡುತ್ತಿದ್ದ. ಕೆರೆಗೆ ಬಂದಾಗಿನಿಂದ ಅವನಿಗೆ ಹುಟ್ಟು ಹಾಕುವ ಆಸೆಯೊಂದೇ. ಅತ್ತೆ ದಡದ ಕಲ್ಲುಬೆಂಚಿನಲ್ಲಿ, ಎಲ್ಲರ ಚಪ್ಪಲಿ ಕಾಯುವವರ ಹಾಗೆ, ಮಡಿಲಲ್ಲಿ ಚೀಲ ಇಟ್ಟುಕೊಂಡು ಕುಳಿತಿದ್ದರು. ದೋಣಿ ಹತ್ತುವುದಿಲ್ಲ ಎಂದು ಅವರು ಮನೆಯಲ್ಲೇ ಹೇಳಿಯಾಗಿತ್ತು.

ಇದು ದಿಂಬುವಿನ ಕೊನೆಯ ಭಾನುವಾರ. ಮರುದಿನ ಬೆಳಿಗ್ಗೆ ಹತ್ತಕ್ಕೆ, ಸೊಸೆಯ ಜೊತೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಗೆಳತಿ ಬಂದು ಅದನ್ನು ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಮೂರು ತಿಂಗಳಿಂದ ಅತ್ತೆಯದು ಒಂದೇ ರಾಗ: ನಾಯಿಯ ಕೂದಲಿನಿಂದ ಉಸಿರು ಕಟ್ಟುತ್ತದೆ, ಯಾರಿಗಾದರೂ ಕೊಟ್ಟುಬಿಡಿ. ಸೊಸೆ ಅಲರ್ಜಿ ಮಾತ್ರೆ ತಂದುಕೊಟ್ಟಳು, ದಿನಕ್ಕೆರಡು ಸಲ ಗುಡಿಸಿದಳು, ದಿಂಬುವಿನ ಹಾಸಿಗೆಯನ್ನು ಹಿಂದಿನ ವರಾಂಡಕ್ಕೆ ಸಾಗಿಸಿದಳು. ಯಾವುದಕ್ಕೂ ರಾಗ ನಿಲ್ಲಲಿಲ್ಲ. ನಾಲ್ಕು ವರ್ಷ ಸಾಕಿದ ನಾಯಿ ಒಂದು ಕಡೆ, ಉಸಿರು ಕಟ್ಟುವ ಅತ್ತೆ ಇನ್ನೊಂದು ಕಡೆ. ಹತ್ತು ರಾತ್ರಿ ನಿದ್ದೆಗೆಟ್ಟು ಒಪ್ಪಿಕೊಂಡಿದ್ದಳು. ಹೋಗುವ ಮುಂಚೆ ಒಮ್ಮೆ ನೀರಿನ ಮೇಲೆ ಸುತ್ತಾಡಿಸೋಣ ಎಂದವನು ಗಂಡ.

"ಪರೀಕ್ಷೆ ಅಂದ್ರೆ ಏನೂ ಇಲ್ಲ," ಮೇಲ್ವಿಚಾರಕಿ ವಿವರಿಸಿದಳು. "ಮೊಣಕಾಲುದ್ದ ನೀರಲ್ಲಿ ನಾಯಿ ಬಿಡ್ತೀನಿ. ಮನೆಯವರು ಎಲ್ಲಾ ಒಂದೊಂದು ಕಡೆ ನಿಂತ್ಕೊಳ್ಳಿ. ಯಾರ ಹತ್ರ ಹೋಗ್ತದೋ ಅವರು ದೋಣೀಲಿ ಇರಲೇಬೇಕು. ಹೋದ ವರ್ಷ ಒಂದು ನಾಯಿ ಕೆರೆ ಮಧ್ಯದಿಂದ ಹಾರ್ಬಿಡ್ತು. ಯಾಕೆ? ಅದರ ಯಜಮಾನ ದಡದಲ್ಲಿ ಕೂತು ಪೇಪರ್ ಓದ್ತಿದ್ದ. ಆಮೇಲಿಂದ ಈ ನಿಯಮ."

ನಿಯಮ ಸೊಸೆಗೆ ಹಿಡಿಸಿತು. ಲೇಬಲ್ಲನ್ನು ಎರಡು ಸಲ ಓದದೆ ಔಷಧಿ ಕೊಡುವವಳಲ್ಲ ಅವಳು. ಪರೀಕ್ಷೆಯ ಫಲವೂ ಅವಳಿಗೆ ಗೊತ್ತಿತ್ತು. ಊಟ ಹಾಕುವವಳು ಅವಳು, ಸ್ನಾನ ಮಾಡಿಸುವವಳು ಅವಳು, ಚುಚ್ಚುಮದ್ದಿನ ದಿನ ತೊಡೆಯ ಮೇಲೆ ಒತ್ತಿ ಹಿಡಿದುಕೊಳ್ಳುವವಳೂ ಅವಳೇ.

"ದಿಂಬೂ, ಬಾ," ಎಂದು ಕರೆದಳು.

ಆ ಕಡೆಯಿಂದ ಗಂಡ ಶಿಳ್ಳೆ ಹೊಡೆದ.

ದಿಂಬು ನೀರಿನಲ್ಲಿ ನಿಂತು ಒಮ್ಮೆ ಅವಳನ್ನು ನೋಡಿತು, ಒಮ್ಮೆ ಅವನನ್ನು ನೋಡಿತು. ಆಮೇಲೆ ಇಬ್ಬರ ನಡುವಿನಿಂದ, ಬಸ್ಸು ತಪ್ಪಿಹೋದೀತು ಎಂಬಷ್ಟು ಅವಸರದಲ್ಲಿ, ನೇರವಾಗಿ ಕಲ್ಲುಬೆಂಚಿಗೆ ಹೋಗಿ ಅತ್ತೆಯ ಕಾಲ ಮೇಲೆ ಕುಳಿತುಕೊಂಡಿತು.

"ಏಯ್, ಹೋಗಾಚೆ," ಎಂದರು ಅತ್ತೆ. ಅದು ಹೋಗಲಿಲ್ಲ.

ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಮ್ಮಾ, ನೀನೇನು ಲಂಚ ಕೊಟ್ಟಿದ್ದೀಯ ಅದಕ್ಕೆ?"

"ನನಗೇನು ಗೊತ್ತೋ. ನೀರು ಕಂಡು ಹೆದರಿದೆ, ದಡಕ್ಕೆ ಬಂದಿದೆ."

ಇದು ಸರಿಯೆನಿಸಿತು. ಸೊಸೆಯೂ ದಡದಲ್ಲೇ ನಿಂತು ಎರಡನೇ ಸಲ ಕರೆದಳು. ದಿಂಬು ಅತ್ತೆಯ ಹತ್ತಿರ ಹೋಯಿತು. ಮೂರನೇ ಸಲ ಅತ್ತೆಯನ್ನು ಬೆಂಚಿನಿಂದ ಎಬ್ಬಿಸಿ ಮರದ ಹಿಂದೆ ನಿಲ್ಲಿಸಿದರು. ದಿಂಬು ಮರವನ್ನು ಸುತ್ತಿ ಹೋಯಿತು.

"ಅಜ್ಜೀದೇ ನಾಯಿ," ಎಂದು ಮೇಲ್ವಿಚಾರಕಿ ಬರೆದುಕೊಂಡಳು.

"ಅಲ್ಲ, ನನ್ನದು," ಎಂದಳು ಸೊಸೆ. ಹೇಳಿದ ಮೇಲೆ, ಕಳೆದುಹೋದ ಕೊಡೆಗೆ ಹಕ್ಕು ಹೂಡಿದ ಹಾಗಿದೆ ಎನಿಸಿ ಕಿವಿ ಬಿಸಿಯಾಯಿತು.

ಚೀಲದಲ್ಲಿ ತಿನ್ನುವುದೇನೋ ಇರಬೇಕು. ವಾಸನೆಗೆ ಹೋಗುತ್ತಿದೆ, ಅಷ್ಟೇ. "ಅತ್ತೆ, ನಿಮ್ಮ ಚೀಲ ಸ್ವಲ್ಪ ನೋಡ್ಲಾ?" ಎಂದಳು. ಅತ್ತೆ ಬೇಡ ಎನ್ನುವುದಕ್ಕೂ ಗಂಡ ಚೀಲ ಎತ್ತಿ ಅವಳ ಕೈಗೆ ಕೊಡುವುದಕ್ಕೂ ಸರಿಹೋಯಿತು. ಕನ್ನಡಕದ ಡಬ್ಬಿ, ಕರವಸ್ತ್ರ, ಮನೆಯ ಬೀಗದ ಕೈ. ತಿನ್ನುವುದು ಒಂದು ಚೂರೂ ಇಲ್ಲ. ತಳದಲ್ಲಿ ಒಂದು ಮಾತ್ರೆಯ ಹಾಳೆ. ಅವಳೇ ತಂದುಕೊಟ್ಟ ಅಲರ್ಜಿ ಮಾತ್ರೆ. ಹತ್ತಕ್ಕೆ ಹತ್ತೂ ಹಾಗೇ ಇದ್ದವು.

ಸೊಸೆ ಅದನ್ನು ತಿರುಗಿಸಿ ನೋಡಿದಳು, ಮತ್ತೆ ಅಲ್ಲೇ ಇಟ್ಟಳು. ಮೂರು ತಿಂಗಳು ಉಸಿರು ಕಟ್ಟಿದವರು ಒಂದು ಮಾತ್ರೆಯನ್ನೂ ನುಂಗಿಲ್ಲ. ಹಾಗಾದರೆ ಉಸಿರು ಕಟ್ಟಿರಲೇ ಇಲ್ಲವೇ? ಕಟ್ಟದಿದ್ದರೆ ನಾಯಿಯನ್ನು ಕಳಿಸುವ ಹಟ ಯಾಕೆ? ನಾಯಿಯ ಮೇಲೆ ಅಷ್ಟು ಸಿಟ್ಟಿದ್ದರೆ ಅದು ಇವರ ಕಾಲನ್ನೇ ಹುಡುಕಿಕೊಂಡು ಹೋಗುವುದು ಯಾಕೆ? ಒಂದು ಎಳೆ ಹಿಡಿದರೆ ಇನ್ನೊಂದು ಕೈಬಿಡುತ್ತಿತ್ತು.

"ಅಜ್ಜಿ ಬಂದ್ರೆ ನಾಯಿ ಬರ್ತದೆ. ಅಜ್ಜಿ ಬರಲ್ಲ ಅಂದ್ರೆ ಜಾಕೆಟ್ ವಾಪಸ್ ಕೊಡಿ," ಎಂದಳು ಮೇಲ್ವಿಚಾರಕಿ.

"ನಾನು ಬರಲ್ಲ," ಎಂದ ಅತ್ತೆ ದಿಂಬುವಿನ ಕಡೆ ನೋಡಿದರು. ಮತ್ತೆ, "ಹಾಳಾಗಿ ಹೋಗ್ಲಿ, ಒಂದು ಸುತ್ತು ತಾನೇ," ಎಂದು ಎದ್ದರು.

ದೋಣಿಯಲ್ಲಿ ಗಂಡ ನಡುವಿನ ಹಲಗೆಯ ಮೇಲೆ ಹುಟ್ಟು ಹಿಡಿದು ಕುಳಿತ. ಅವನಿಗೆ ಎದುರಾಗಿ, ಹಿಂದಿನ ಅಗಲದ ಹಲಗೆಯ ಮೇಲೆ ಅತ್ತೆ, ಸೊಸೆ. ದಿಂಬು ಅತ್ತೆಯ ಪಾದಗಳ ಮೇಲೆ ಅಡ್ಡ ಮಲಗಿತು. ಅದರ ಹಗ್ಗವನ್ನು ಸೊಸೆ ಹಿಡಿದುಕೊಂಡಿದ್ದಳು. ಯಾಕೋ ತಿಳಿಯದು, ಅದು ಇವಳ ಕಡೆ ತಿರುಗಿಯೂ ನೋಡಲಿಲ್ಲ.

"ಅತ್ತೆ, ಹಗಲು ಹೊತ್ತು ಇದು ನಿಮ್ಮ ಹತ್ರಾನೇ ಇರ್ತದಾ?"

"ಇಲ್ಲಪ್ಪ. ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು."

ಸ್ವಲ್ಪ ದೂರ ಹೋದ ಮೇಲೆ ಅವರೇ ಹೇಳಿದರು: "ಒಂದೊಂದು ಸಲ ಬರ್ತದೆ."

ಇನ್ನೂ ಸ್ವಲ್ಪ ದೂರ ಹೋದ ಮೇಲೆ: "ಬೇಡ ಅಂದ್ರೂ ಬರ್ತದೆ. ಮಾನ ಮರ್ಯಾದೆ ಇಲ್ಲದ್ದು."

ಗಂಡ ನಕ್ಕು, ಹಿಂದೆ ಬೇರೆ ದೋಣಿ ಇದೆಯೇ ಎಂದು ಕತ್ತು ತಿರುಗಿಸಿದ. ಆಗಲೇ ಒಂದು ಮೋಟಾರು ದೋಣಿ ಹಾದುಹೋಗಿ ಅದರ ಅಲೆ ಇವರ ದೋಣಿಯನ್ನು ಮೇಲೆತ್ತಿ ಕೆಳಗಿಳಿಸಿತು. ದೊಡ್ಡ ಅಲೆಯೇನಲ್ಲ. ಆದರೆ ಅತ್ತೆ ಗಾಬರಿಯಲ್ಲಿ ಅರ್ಧ ಎದ್ದರು, ಎದ್ದವರ ಮುಖ ಬಿಳಿಚಿಕೊಂಡಿತು.

ದಿಂಬು ತಲೆಯನ್ನು ಅವರ ಮೊಣಕಾಲುಗಳ ನಡುವೆ ತೂರಿಸಿ ಹಿಂದಕ್ಕೆ ತಳ್ಳಿತು. ಅತ್ತೆ ಕುಳಿತರು. ಅವರ ಕೈ, ನೋಡದೆಯೇ, ಜಾಕೆಟ್ಟಿನ ಪಟ್ಟಿಯ ಕೆಳಗೆ ನುಗ್ಗಿ ನಾಯಿಯ ಕುತ್ತಿಗೆಯ ತೊಗಲನ್ನು ಹಿಡಿಯಿತು. ಕಣ್ಣು ಮುಚ್ಚಿ, ತುಟಿಯಲ್ಲೇ, ಒಂದು, ಎರಡು, ಮೂರು ಎಂದು ಎಣಿಸಿದರು. ಹನ್ನೆರಡಕ್ಕೆ ಕಣ್ಣು ಬಿಟ್ಟರು. ದಿಂಬು ತಲೆ ಹಿಂದಕ್ಕೆ ತೆಗೆದು ಮತ್ತೆ ಮಲಗಿತು.

ಸೊಸೆ ಆ ಕೈಯನ್ನೇ ನೋಡುತ್ತಿದ್ದಳು. ಮೊದಲನೇ ಸಲ ಹಿಡಿದವರ ಕೈ ಅಲ್ಲ ಅದು. ಕತ್ತಲಲ್ಲಿ ಸ್ವಿಚ್ಚು ಹುಡುಕದೆ ಒತ್ತುವ ಕೈ.

"ಎಷ್ಟು ದಿನದಿಂದ, ಅತ್ತೆ?"

"ಏನು ಎಷ್ಟು ದಿನದಿಂದ?"

"ತಲೆ ಸುತ್ತೋದು."

ಅತ್ತೆ ನೀರು ನೋಡಿದರು. "ಈ ನಿನ್ನ ನಾಯಿ ಇದೆಯಲ್ಲ, ಚಾಡಿಕೋರ," ಎಂದರು. "ಒಂದಿನ ಬಚ್ಚಲುಮನೇಲಿ ಕುಸಿದು ಕೂತೆ. ಬಿದ್ದಿಲ್ಲ, ಕೂತೆ. ಇದು ಹೊರಗೆ ನಿಂತು ಬಾಗಿಲು ಕೆರೆದು ಕೆರೆದು ಪ್ರಾಣ ತಿಂತು. ಹೇಗೋ ಚಿಲಕ ತೆಗೆದು, ಇದರ ಕತ್ತು ಹಿಡ್ಕೊಂಡು ಎದ್ದೆ. ಅವತ್ತಿಂದ ಬೆನ್ನು ಬಿಟ್ಟಿಲ್ಲ. ನೀವು ಬಂದ ತಕ್ಷಣ ನನ್ನ ಮುಂದೆ ಕೂತ್ಕೊಂಡು ನಿಮ್ಮ ಮುಖ ನೋಡ್ತದೆ, ನನ್ನ ಮುಖ ನೋಡ್ತದೆ. ಬಾಯಿ ಬರಲ್ಲ ಅಷ್ಟೇ. ನಿನ್ನ ಕಣ್ಣು ಬೇರೆ ಸಾಮಾನ್ಯದ್ದಾ? ಇವತ್ತಲ್ಲ ನಾಳೆ ಹಿಡೀತಿದ್ದೆ."

"ಹಿಡಿದ್ರೆ ಏನಾಗ್ತಿತ್ತು?"

"ಏನಾಗ್ತಿತ್ತಾ? ಬಾಗಿಲಿಗೆ ಚಿಲಕ ಹಾಕೋ ಹಾಗಿಲ್ಲ, ಒಬ್ಬಳೇ ಅಂಗಡಿಗೆ ಹೋಗೋ ಹಾಗಿಲ್ಲ. ನಿನ್ನನ್ನ ನಾನು ಕಾಣೆನಾ."

ಸೊಸೆಗೆ ಸಿಟ್ಟು ಬರಬೇಕಿತ್ತು, ಬಂದಿತ್ತು ಕೂಡ, ಆದರೆ ಯಾರ ಮೇಲೆಂದು ಗೊತ್ತಾಗುತ್ತಿರಲಿಲ್ಲ. ಮೂರು ತಿಂಗಳ ಹಿಂದೆ ಡಾಕ್ಟರು ಅತ್ತೆಯ ರಕ್ತದೊತ್ತಡದ ಮಾತ್ರೆಯನ್ನು ಹೆಚ್ಚಿಸಿದ್ದರು. ಎದ್ದಾಗ ತಲೆ ಸುತ್ತಬಹುದು ಎಂದು ಅಂಗಡಿಗೆ ಬರುವ ಪ್ರತಿಯೊಬ್ಬರಿಗೂ ಹೇಳುವವಳು ಅವಳು. ಅತ್ತೆಗೆ ಹೇಳಿದ್ದಳೇ? ಹೇಳಿದ ನೆನಪೂ ಇತ್ತು, ಹೇಳಬೇಕೆಂದುಕೊಂಡ ನೆನಪೂ ಇತ್ತು. ಎರಡರಲ್ಲಿ ಯಾವುದು ನಡೆದದ್ದು? ನಾಯಿಯ ಕಣ್ಣಿಗೆ ಬಿದ್ದದ್ದು ತನ್ನ ಕಣ್ಣಿಗೆ ಯಾಕೆ ಬೀಳಲಿಲ್ಲ? ದಿಂಬು ಅತ್ತೆಯ ಬಳಿ ಹೋದದ್ದು ಪ್ರೀತಿಗೋ, ಇವರು ಬಿದ್ದಾರು ಎಂಬ ಚಿಂತೆಗೋ? ಪ್ರೀತಿಗಲ್ಲ ಎಂದರೆ ತನಗೆ ಸಮಾಧಾನವಾಗುವುದು ಎಂಥ ಬುದ್ಧಿ?

ಅವಳು ಫೋನು ತೆಗೆದು ಗೆಳತಿಗೆ ಕರೆ ಮಾಡಿದಳು.

"ನಾಳೆ ಬರಬೇಡ ಕಣೇ. ದಿಂಬುನ ಕೊಡ್ತಿಲ್ಲ."

"ಯಾಕೆ? ನಿಮ್ಮತ್ತೆಗೆ ಆಗಲ್ಲ ಅಂತಲೇ ಅಲ್ವಾ ಕೊಡ್ತಿದ್ದಿದ್ದು?"

"ಹೌದು."

"ಈಗ ಆಗ್ತದಂತಾ?"

"ಈಗಲೂ ಆಗಲ್ಲ. ಅದಕ್ಕೇ."

"ನೀನು ಹುಷಾರಾಗಿದ್ದೀಯ ತಾನೇ?" ಎಂದಳು ಗೆಳತಿ.

"ಗೊತ್ತಿಲ್ಲ. ಅಂಗಡೀಲಿ ಹೇಳ್ತೀನಿ," ಎಂದು ಸೊಸೆ ಫೋನಿಟ್ಟಳು.

"ಏನು ನಡೀತಿದೆ ಇಲ್ಲಿ?" ಎಂದ ಗಂಡ. ಹುಟ್ಟು ಹಾಕುವ ಸಂಭ್ರಮದಲ್ಲಿ ಅವನಿಗೆ ಅರ್ಧ ಕೇಳಿಸಿತ್ತು, ಅರ್ಧ ಕೇಳಿಸಿರಲಿಲ್ಲ. "ಕೊಡ್ತೀವಾ, ಇಲ್ವಾ?"

"ಕೊಟ್ಬಿಡಿ," ಎಂದರು ಅತ್ತೆ.

"ಕೊಡಲ್ಲ," ಎಂದಳು ಸೊಸೆ. "ಮತ್ತೆ ನಾಳೆ ಡಾಕ್ಟರ ಹತ್ರ ಹೋಗೋಣ ಅತ್ತೆ, ಮಾತ್ರೆ ವಿಷಯ ಕೇಳ್ಬೇಕು. ನಾನೂ ಬರ್ತೀನಿ."

"ನೋಡಿದೆಯಾ, ಶುರುವಾಯ್ತು." ಅತ್ತೆ ಮಗನ ಕಡೆ ಕೈ ತೋರಿಸಿದರು. "ಡಾಕ್ಟರ ಹತ್ರ ಬೇಕಾದ್ರೆ ಬರ್ತೀನಿ. ಆದ್ರೆ ಚಿಲಕ ಹಾಕೋದು ಮಾತ್ರ ಬಿಡಲ್ಲ. ಈ ವಯಸ್ಸಲ್ಲಿ ಬಾಗಿಲು ತೆಗೆದಿಟ್ಟು ಸ್ನಾನ ಮಾಡೋ ಕರ್ಮ ನನಗೆ ಬೇಡ."

ಸೊಸೆ ಯೋಚಿಸಿದಳು. ಬೇಡ ಎಂದರೆ ಇವರು ಇನ್ನೊಂದು ಸುಳ್ಳು ಹುಡುಕುತ್ತಾರೆ, ಮತ್ತೆ ದಿಂಬುವಿಗೇ ಕುತ್ತು. ಸರಿ ಎಂದರೆ ಒಳಗೆ ಬಿದ್ದರೆ ಬಾಗಿಲು ಒಡೆಯಬೇಕು.

"ಹಾಕ್ಕೊಳ್ಳಿ," ಎಂದಳು. "ಇದನ್ನೂ ಒಳಗೆ ಕರ್ಕೊಂಡು ಹಾಕ್ಕೊಳ್ಳಿ."

"ಥೂ. ಸ್ನಾನ ಮಾಡುವಾಗ ಕಣ್ಣು ಬಿಟ್ಕೊಂಡು ಕೂತಿರ್ತದೆ."

"ಗೋಡೆ ಕಡೆ ತಿರುಗಿಸಿ ಕೂರ್ಸಿ."

"ನಿನಗೇನು, ಹೇಳ್ತೀಯ," ಎಂದರು ಅತ್ತೆ. ದೋಣಿ ದಡಕ್ಕೆ ತಿರುಗುವಾಗ ಬಗ್ಗಿ, ನಾಯಿಯ ಮೂತಿಯನ್ನು ಒಂದು ಬೆರಳಿನಿಂದ ಆಚೆ ತಳ್ಳಿ, ಯಾರಿಗೂ ಕೇಳಿಸಬಾರದೆಂಬಷ್ಟು ಮೆಲ್ಲಗೆ ವಿಚಾರಿಸಿದರು: "ಸೋಪಿನ ನೀರು ಹಾರಿದ್ರೆ ಅಳಬಾರದು, ತಿಳೀತಾ?"